ಇಲಿಗಳು ಉಂಡ ರಾತ್ರಿ

"ಮೇಡಮ್ಮೋರೆ, ನನ್ ಮಗ ಕೋಳಿ ಕುಯ್ಯೋಕೂ ಹೆದರ್ತಾನೆ. ಅವ್ನು ಕೊಲೆ ಮಾಡಿದ್ನಂತೆ!" ಎಂದು ರಹೀಮಾ ಮುನಿರತ್ನಮ್ಮನವರ ಬಾಗಿಲಲ್ಲೇ ಕುಸಿದಾಗ ರಾಮಲಿಂಗಯ್ಯ ಕೈಲಿದ್ದ ಕಾಫಿ ಬದಿಗಿಟ್ಟ.

ರಾಮನಗರದಲ್ಲಿ ಪೊಲೀಸರು ಕೈಚೆಲ್ಲಿದ ಕೇಸುಗಳು ಬರುತ್ತಿದ್ದದ್ದು ಈ ಬಾಗಿಲಿಗೇ. ಮುನಿರತ್ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ರಾಮಲಿಂಗಯ್ಯ ಆಗ ಅವರ ಲ್ಯಾಬ್ ಅಟೆಂಡರ್, ಈಗ ಅವರ ನೆರಳು. ಈ ಸಲ ಪೊಲೀಸರು ಕೈಚೆಲ್ಲಿರಲಿಲ್ಲ, ರಹೀಮಾಳ ಮಗ ಆಫ್ತಾಬನ ಮೇಲೆ ಕೈ ಮಾಡಿದ್ದರು.

ಬಿಡದಿಯ ಹೊಸ ಕಾರ್ಖಾನೆಗಳ ನಡುವಿನ ಔಷಧ ಪ್ರಯೋಗಾಲಯದಲ್ಲಿ ದಿವ್ಯ ಎಂಬ ಸಂಶೋಧಕಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದಳು. ಹೆಣದ ಪಕ್ಕ ಅರಗು ಬಳಿದ ಚನ್ನಪಟ್ಟಣದ ಬುಗುರಿ ಸಿಕ್ಕಿತ್ತು. ಪ್ರಯೋಗಕ್ಕೆಂದು ಅಲ್ಲಿಗೆ ಬುಗುರಿ ಒದಗಿಸುತ್ತಿದ್ದವನು ಆಫ್ತಾಬ್. ಹಿಂದಿನ ಸಂಜೆ ಗೇಟಿನಲ್ಲೇ ಕೊಟ್ಟು ಬಂದೆ ಎಂದು ಅವನು ಬಡಕೊಂಡರೂ ಯಾರೂ ಕೇಳಲಿಲ್ಲ.

ಮುನಿರತ್ನಮ್ಮ, ರಾಮಲಿಂಗಯ್ಯ ಅಲ್ಲಿಗೆ ಹೋದಾಗ ಪ್ರಯೋಗಾಲಯದ ಮುಖ್ಯಸ್ಥ ಲೋಕೇಶ್ ಬಲು ವಿನಯದಿಂದ ಪಂಜರ ತೋರಿಸಿದ. "ಬುಗುರಿಯ ಅರಗಿನ ವಾಸನೆ ಕೊಟ್ಟು ಇಲಿಗಳ ಕಾಲಿಗೆ ಶಾಕ್ ಕೊಡ್ತೀವಿ. ಆಮೇಲೆ ವಾಸನೆ ಬಂದ್ರೆ ಸಾಕು, ಮೂಲೆ ಸೇರಿ ತಿನ್ನೋದೇ ಬಿಡ್ತವೆ. ಈ ಇಲಿಗಳಿಗೆ ನನ್ನ ಔಷಧಿ ಕೊಟ್ಟಿದ್ದೀನಿ. ಭಯ ಅಳಿಸಿಹೋಗಿದೆ. ಕಂಪನಿ ಇಷ್ಟರಲ್ಲೇ ಪ್ರಕಟಿಸುತ್ತೆ."

"ಭಯ ಅಂದ್ರೆ ಬಳಪದ ಬರಹವಾ, ಅಳಿಸಕ್ಕೆ?" ರಾಮಲಿಂಗಯ್ಯ ಗೊಣಗಿದ.

"ಶಾಕ್ ಹೊಡೆದಾಗ ನರಕೋಶದಿಂದ ನರಕೋಶಕ್ಕೆ ಸುದ್ದಿ ಹೋಗ್ತದೆ," ಎಂದರು ಮುನಿರತ್ನಮ್ಮ. "ಅದು ಕೋಶದೊಳಗಿನ ಜೀನ್‌ವರೆಗೂ ಮುಟ್ಟಿ ಅಲ್ಲೊಂದು ಗುರುತು ಅಂಟಿಸ್ತದೆ. ಜೀನ್ ಬದಲಾಗಲ್ಲ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದು ಬದಲಾಗ್ತದೆ. ಮರ ಅದೇ ಕಣಯ್ಯ, ಮೇಲೆ ಅರಗು ಕೂತಂಗೆ."

ಕಾವಲುಗಾರ ಮುನಿಶಾಮಯ್ಯ ಕಂಡದ್ದನ್ನು ಹೇಳಿದ. "ಸಂಜೆ ದಿವ್ಯಮ್ಮೋರು ಇಲಿಗಳಿಗೆ ಕಾಳು ಹಾಕ್ತಿದ್ರು. ಬೆಳಿಗ್ಗೆ ಬಾಗ್ಲು ತೆಗೆದ್ರೆ ಹೆಣ ಬಿದ್ದೈತೆ! ಇಲಿಗಳು ಮಾತ್ರ ಬಟ್ಟಲು ಖಾಲಿ ಮಾಡ್ಬುಟ್ಟು ಆಡ್ತಾ ಇದ್ವು, ಪಾಪಿ ಮುಂಡೇವು. ಲೋಕೇಶ್ ಸಾರ್‌ನ ಕರ್ದು ಒಳಗೆ ಬುಟ್ಟು, ಪೊಲೀಸ್ನೋರಿಗೆ ಫೋನ್ ಮಾಡಕೆ ಗೇಟಿಗೆ ಓಡ್ದೆ."

ಮರುದಿನ ಇನ್ಸ್‌ಪೆಕ್ಟರೂ ಸೇರಿ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ಠಾಣೆಯಲ್ಲಿ ಮೈ ತೊಳೆಸಿ ಬೇರೆ ಬಟ್ಟೆ ತೊಡಿಸಿದ್ದ ಆಫ್ತಾಬನ ಕೈಗೆ ಬೇಡಿಯಿತ್ತು, ಲಾಠಿ ಏಟಿಗೆ ಮುಖ ಊದಿತ್ತು.

"ಆವತ್ತು ಕೆಲಸದ ಬಟ್ಟೆಯಲ್ಲಿದ್ದ ಆಫ್ತಾಬನ ಮೈಯೆಲ್ಲ ಅರಗಿನ ವಾಸನೆ. ಬುಗುರಿಯೂ ಅದೇ," ಮುನಿರತ್ನಮ್ಮ ಶುರುಮಾಡಿದರು. "ಅವನಾಗಲಿ ಬುಗುರಿಯಾಗಲಿ ರಾತ್ರಿ ಇಲ್ಲಿದ್ದಿದ್ದರೆ ಇಲಿಗಳು ಕಾಳು ಮುಟ್ಟುತ್ತಿರಲಿಲ್ಲ, ಬೆಳಿಗ್ಗೆ ಬಾಗಿಲು ತೆಗೆದಾಗ ಆಡುತ್ತಲೂ ಇರುತ್ತಿರಲಿಲ್ಲ. ಬುಗುರಿ ಬಂದದ್ದು ಬೆಳಿಗ್ಗೆ, ಮುನಿಶಾಮಯ್ಯ ಗೇಟಿಗೆ ಓಡಿದ ಮೇಲೆ. ಆಗ ಇಲ್ಲಿ ಒಬ್ಬರೇ ಇದ್ದವರು ಲೋಕೇಶ್."

ಲೋಕೇಶ್ ನಕ್ಕ. "ಔಷಧಿ ಕೊಟ್ಟ ಇಲಿಗಳು ಇವು, ಮರೆತ್ರಾ? ಬುಗುರಿ ಇಡೀ ರಾತ್ರಿ ಇದ್ರೂ ತಿಂತವೆ."

"ನೋಡೇಬಿಡೋಣ." ಮುನಿರತ್ನಮ್ಮ ಇನ್ಸ್‌ಪೆಕ್ಟರು ಮೊಹರು ಹಾಕಿ ತಂದಿದ್ದ ಚೀಲದಿಂದ ಬುಗುರಿ ತೆಗೆದು ಪಂಜರದ ಸರಳಿಗೆ ಹಿಡಿದರು. ಇಲಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರಿ ಮರಗಟ್ಟಿದವು.

"ಔಷಧಿ ಫಲಿಸಿಲ್ಲ. ದಿವ್ಯಳಿಗೆ ಅದು ಗೊತ್ತಾಯ್ತು. ಅವಳು ಬಾಯಿಬಿಟ್ಟರೆ ನಿಮ್ಮ ಹೆಸರು ಮಣ್ಣುಪಾಲು. ಅದಕ್ಕೇ ರಾತ್ರಿ ಹೊಡೆದಿರಿ. ಬೆಳಿಗ್ಗೆ ಬರುತ್ತಾ ಗೇಟಿನಿಂದ ಬುಗುರಿ ಎತ್ತಿಕೊಂಡಿರಿ."

ಲೋಕೇಶ್ ಸ್ಟೂಲಿನ ಮೇಲೆ ಕುಸಿದ. "ಸ್ವಲ್ಪ ದಿನ ಸುಮ್ಮನಿರು ಅಂದೆ. ಕೇಳಲಿಲ್ಲ ಅವಳು."

ಬೇಡಿ ಕಳಚಿತು. ರಹೀಮಾ ಮಗನನ್ನು ಬಾಚಿ ತಬ್ಬಿದಳು. ರಾಮಲಿಂಗಯ್ಯನ ಎದೆ ಹಗುರಾಯಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಹೊರಡಲೆಂದು ಲಾಠಿ ಎತ್ತಿಕೊಂಡರು, ಅದರ ತುದಿ ನೆಲಕ್ಕೆ ಟಕ್ಕೆಂದಿತು. ಆಫ್ತಾಬ್ ತಾಯಿಯ ತೋಳಿನಿಂದ ಜಾರಿ ಗೋಡೆಯ ಮೂಲೆ ಸೇರಿ ಮಂಡಿಯಲ್ಲಿ ತಲೆ ಹುದುಗಿಸಿದ.

ರಾಮಲಿಂಗಯ್ಯ ಮುನಿರತ್ನಮ್ಮನವರತ್ತ ತಿರುಗಿದ. "ಇದ್ಕೆ ಔಷಧಿ ಐತಾ ಮೇಡಂ?"

"ಇಲ್ಲ ಕಣಯ್ಯ," ಎಂದರು ಮುನಿರತ್ನಮ್ಮ. ರಹೀಮಾ ಹೋಗಿ ಅದೇ ಮೂಲೆಯಲ್ಲಿ ಮಗನ ಪಕ್ಕ ಕುಳಿತಳು.