ಕೆಂಪು ಬಾಣದ ಗುರುತು

"ಏನ್ರೀ, ಕಣ್ಣು ಕಾಣಲ್ವಾ?!"

ಮೆಟ್ಟಿಲ ತುಂಬಾ ಅಂಗಿ ಗುಂಡಿಗಳು ಚೆಲ್ಲಾಪಿಲ್ಲಿ! ಬಟ್ಟೆ ಕಾರ್ಖಾನೆಯ ಗೋಡೆ ಗಡಿಯಾರ ರಿಪೇರಿಗೆಂದು ಬಂದವನು ಅವಳ ಕೈಯಲ್ಲಿದ್ದ ಡಬ್ಬಕ್ಕೆ ಭುಜ ತಾಗಿಸಿ ಎಲ್ಲವನ್ನೂ ಉರುಳಿಸಿದ್ದ.

"ಪಕ್ಕದಲ್ಲಿರೋದು ಕಾಣಲ್ಲ ರೀ," ಮಂಡಿಯೂರಿ ಗುಂಡಿ ಹೆಕ್ಕುತ್ತಾ ಹೇಳಿದ. ಆಮೇಲೆ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. "ಎದುರಿಗಿರೋದು ಚೆನ್ನಾಗಿ ಕಾಣುತ್ತೆ."

ಅವಳಿಗೆ ಕೋಪವೂ ಬಂತು, ನಗುವೂ ಬಂತು.

ಅದು ಚೇಷ್ಟೆಯಲ್ಲ, ಕಾಯಿಲೆ ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವನ ದೃಷ್ಟಿ ಅಂಚಿನಿಂದ ಒಳಕ್ಕೆ ವರ್ಷವರ್ಷವೂ ಕುಗ್ಗುತ್ತಿತ್ತು. ಅದು ಅಮ್ಮನಿಂದ ಬಂದದ್ದು. ಅಮ್ಮನಿಗೆ ನಲವತ್ತಕ್ಕೇ ಪೂರ್ತಿ ಕತ್ತಲಾಗಿತ್ತು.

ಎಲ್ಲ ತಿಳಿದೇ ಅವಳು ಅವನ ಕೈ ಹಿಡಿದಳು. ಅವನ ಬಾಯಲ್ಲಿ ಅವಳ ಹೆಸರು 'ಗುಂಡಿ' ಎಂದೇ ಉಳಿಯಿತು.

ಅದಾಗಿ ಆರು ವರ್ಷ.

ಇವತ್ತು ಬಂಜೆತನ ಚಿಕಿತ್ಸೆಯ ಆಸ್ಪತ್ರೆಯಲ್ಲಿ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು, ಇಬ್ಬರೂ ಅಪರಿಚಿತರಂತೆ ಕೂತಿದ್ದರು. ಮೂರು ತಿಂಗಳಿಂದ ಅವನ ವಾಸ ಗಡಿಯಾರದಂಗಡಿಯ ಹಿಂದಿನ ಕೋಣೆಯಲ್ಲಿ.

'ಒಂದು ಸಲ ಈ ಕಡೆ ತಿರುಗಬಾರದಾ... ತಿರುಗದಿದ್ದರೆ ನಾನು ಇವರಿಗೆ ಕಾಣುವುದೇ ಇಲ್ಲವಲ್ಲ!'

ನರ್ಸ್ ಒಂದು ಹಾಳೆ ತಂದು ಖಾಲಿ ಕುರ್ಚಿಯ ಮೇಲಿಟ್ಟಳು.

"ಉಳಿದಿರೋ ನಾಲ್ಕು ಭ್ರೂಣ ಇನ್ನೊಂದು ವರ್ಷ ಫ್ರೀಜ್ ಮಾಡಿ ಇಡೋದಾ, ಬೇಡ್ವಾ ಅಂತ ಗುರುತು ಹಾಕಿ. ಇಬ್ಬರ ಸಹಿನೂ ಬೇಕು. ಇವತ್ತೇ ಕೊನೇ ದಿನ."

ಆ ನಾಲ್ಕು!

ಪ್ರಯೋಗಾಲಯದಲ್ಲಿ ಬೆಳೆದದ್ದು ಐದು ಭ್ರೂಣ. ಗರ್ಭಕ್ಕೆ ಇಡುವ ಮೊದಲೇ ಅವುಗಳ ಜೀನ್ ಪರೀಕ್ಷೆಯಾಗಲಿ, ನನ್ನ ಕಣ್ಣು ಮಗುವಿಗೆ ಬೇಡ ಎಂದವನು ಅವನೇ. ವರದಿ ಬಂತು. ನಾಲ್ಕರಲ್ಲಿ ಅವನ ಕಾಯಿಲೆ ಇತ್ತು, ಒಂದರಲ್ಲಿ ಇರಲಿಲ್ಲ. ಆ ಒಂದನ್ನು ಅವಳ ಗರ್ಭದಲ್ಲಿಟ್ಟರು. ಹದಿನೈದು ದಿನ ಅವಳು ಕೆಮ್ಮಲೂ ಹೆದರಿದಳು.

ಗರ್ಭ ನಿಲ್ಲಲಿಲ್ಲ...

ಅದರ ಮರುದಿನವೇ ಅವನು ನಾಲ್ಕು ಬಟ್ಟೆ ತುಂಬಿಕೊಂಡು ಹೊರಟುಹೋದ. ಒಂದು ಮಾತೂ ಆಡಲಿಲ್ಲ. 'ಇದ್ದ ಒಂದನ್ನೂ ಉಳಿಸಿಕೊಳ್ಳಲಾಗದವಳು ನಾನು. ನನ್ನ ಮುಖ ನೋಡಲು ಯಾರಿಗೆ ತಾನೇ ಮನಸ್ಸು ಬಂದೀತು?' ಎಂದುಕೊಂಡು ಅವಳು ತಡೆಯಲೂ ಇಲ್ಲ.

ಈಗ ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಅದೇ ವರದಿ. ನಾಲ್ಕು ಸಂಖ್ಯೆಗಳ ಮುಂದೆ ನಾಲ್ಕು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್.

"ಅಂಟಿಸಿದ್ದು ನೀನೇ ಅಲ್ವಾ?"

ಅವಳು ಕೈ ಚಾಚಿ ಒಂದು ಬಾಣವನ್ನು ಮುಟ್ಟಿದಳು. ಕಾರ್ಖಾನೆಯಲ್ಲಿ ಅವಳದು ಚೆಕ್ಕಿಂಗ್ ಕೆಲಸ. ಹೊಲಿಗೆ ತಪ್ಪಿದಲ್ಲಿ ಕೆಂಪು ಬಾಣ ಅಂಟಿಸಬೇಕು. ಬಾಣ ಬಿದ್ದ ಬಟ್ಟೆ ರಿಜೆಕ್ಟ್ ಬುಟ್ಟಿಗೆ.

"ಕೈ ಅಭ್ಯಾಸ ರೀ... ದಿನವಿಡೀ ಅದೇ ಕೆಲಸ. ವರದಿ ಓದ್ತಾ ಓದ್ತಾ ಯಾವಾಗ ಅಂಟಿಸಿದ್ನೋ ನನಗೇ ಗೊತ್ತಾಗ್ಲಿಲ್ಲ."

"ನಮ್ಮಮ್ಮನ ಕಾಲಕ್ಕೆ ಈ ಟೆಸ್ಟ್ ಇದ್ದಿದ್ರೆ ನನ್ನ ನಂಬರ್ ಮುಂದೂ ಒಂದು ಬಾಣ ಇರ್ತಿತ್ತು, ಗುಂಡಿ."

"ಟೆಸ್ಟ್ ಕೇಳಿದ್ದು ನೀವೇ ಅಲ್ವಾ?"

"ನಾನೇ. ಆದ್ರೆ ಇದನ್ನ ನೋಡೋಕಾಗ್ಲಿಲ್ಲ ಕಣೇ... ಒಳ್ಳೇದು ಅಂತಿದ್ದ ಒಂದೂ ಹೋಯ್ತು. ಇನ್ನು ನಿನಗೆ ಉಳಿಯೋದು ನಾನು ಅನ್ನೋ ಈ ರಿಜೆಕ್ಟ್ ಪೀಸು ಮಾತ್ರ ಅನ್ನಿಸ್ತು. ಎದ್ದು ಹೋದೆ."

"ಮತ್ತೆ ನಾನೇನಂದ್ಕೊಂಡೆ ಗೊತ್ತಾ? ನನ್ನ ಹೊಟ್ಟೇಲಿ ಅದು ಉಳೀಲಿಲ್ಲ ಅಂತ ನನ್ನ ಬಿಟ್ಟು ಹೋದ್ರಿ ಅಂತ!"

"ಅಯ್ಯೋ! ನಾನು ಅಂಥವನಾ?"

"ಹೇಳ್ದೆ ಹೋದ್ರೆ ಹೇಗೆ ಗೊತ್ತಾಗ್ಬೇಕು? ಊರವರ ಗಡಿಯಾರವೆಲ್ಲ ಬಿಚ್ಚೋಕೆ ಬರುತ್ತೆ, ಬಾಯಿ ಬಿಚ್ಚೋಕೆ ಮಾತ್ರ ಬರಲ್ಲ!"

ಬೈಯುತ್ತಲೇ ಅವಳು ವರದಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬೆಳಗ್ಗೆ ನಾನಿನ್ನೂ ಮಲಗಿದೀನಿ ಅಂದ್ಕೊಂಡು ಕಣ್ಣು ಮುಚ್ಚಿ ನಡೆಯೋದು ಕಲೀತಿದ್ರಲ್ಲ... ಮಂಚದಿಂದ ಒಲೆವರೆಗೆ ಹನ್ನೊಂದು ಹೆಜ್ಜೆ. ಹಾಸಿಗೇಲಿ ನಾನೂ ಎಣಿಸ್ತಿದ್ದೆ. ಒಂದು ಮಗು ಹಾಗೆ ಎಣಿಸೋದನ್ನ ನೋಡೋ ಶಕ್ತಿ ನನಗಿಲ್ಲ ರೀ. ಬೇಡ ಅಂದಿದ್ದು ಆ ಸಂಕಟಾನ. ನಿಮ್ಮನ್ನಲ್ಲ..."

ಅವನು ಖಾಲಿ ಕುರ್ಚಿಯ ಮೇಲಿದ್ದ ಹಾಳೆಯನ್ನು ಕೈಗೆತ್ತಿಕೊಂಡ.

"ಹಾಗಾದ್ರೆ ನನ್ನಂಥವನು ಹುಟ್ಟಲೇಬಾರದಾ?"

ಸಮಾಧಾನದ ಸುಳ್ಳೊಂದು ಅವಳ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ.

"ಗೊತ್ತಿಲ್ಲ ರೀ. ನೀವಿಲ್ಲದ ಬದುಕು ನನಗೆ ಬೇಡ. ನಿಮ್ಮ ಕಷ್ಟ ಮಗುವಿಗೂ ಬೇಡ. ಎರಡೂ ನಿಜ. ಎರಡನ್ನೂ ಹೇಗೆ ಸೇರಿಸಿ ಹೊಲೀಬೇಕೋ ನನಗೆ ತಿಳೀತಿಲ್ಲ."

ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಕುರ್ಚಿಗೆ ಸರಿದು ಕೂತ. ಅವಳತ್ತ ಪೂರ್ತಿ ತಿರುಗಿದ.

"ನನಗೂ ತಿಳೀತಿಲ್ಲ. ತಿಳಿಯದೇ ಬೇಡ ಅಂತ ಗುರುತು ಹಾಕೋದು ಹೇಗೆ? ಇನ್ನೊಂದು ವರ್ಷ ಇರಲಿ. ಆಗಲೂ ಬೇಡ ಅನ್ನಿಸಿದ್ರೆ... ಒಟ್ಟಿಗೆ ಅಳೋಣ. ಬೇರೆ ಬೇರೆ ಮನೇಲಿ ಕೂತಲ್ಲ."

ಅವಳು 'ಇಡಬೇಕು' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದಳು. ಮಂಕು ದೀಪದಲ್ಲಿ ಸಹಿಯ ಗೆರೆ ಅವನಿಗೆ ಸಿಗಲಿಲ್ಲ. ಅವನ ಬೆರಳು ಹಿಡಿದು ಅದರ ಮೇಲಿಟ್ಟಳು. ಮುಂದಿನ ವರ್ಷ ಏನಾಗುವುದೋ ಇಬ್ಬರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಮೋಡ ಕವಿದು ಬೀದಿಯೆಲ್ಲ ಬೂದಿ ಬಣ್ಣವಾಗಿತ್ತು. ಅವನು ತಾನಾಗಿಯೇ ಅವಳ ಮೊಣಕೈ ಹಿಡಿದುಕೊಂಡ.

"ಒಂದು ಮಾತು ರೀ, ಬೈಬೇಡಿ. ನೀವು ಹೋದ್ಮೇಲೆ ಕಾರ್ಖಾನೆಯ ಬಾಣದ ಸ್ಟಿಕ್ಕರೆಲ್ಲ ತಂದು ಮನೇಗೇ ಅಂಟಿಸಿಬಿಟ್ಟೆ. ಬಾಗಿಲ ಚೌಕಟ್ಟಿಗೆ, ಮೇಜಿನ ಮೂಲೆಗೆ, ಬಚ್ಚಲ ಗೋಡೆಗೆ... ಒಂದರ ಮೇಲೊಂದು ಆರಾರು. ಕಣ್ಣಿಗೆ ಕಾಣದಿದ್ರೂ ಬೆರಳಿಗೆ ಸಿಗಲಿ ಅಂತ."

ಅವನು ನಡೆಯುವುದನ್ನು ನಿಲ್ಲಿಸಿದ. ದೃಷ್ಟಿ ಕುಗ್ಗುತ್ತಿದ್ದ ಆ ಕಣ್ಣುಗಳು ತುಂಬಿಬಂದವು.

"ನಾನು ವಾಪಸ್ ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ..."

ಅವನ ಹಿಡಿತ ಬಿಗಿಯಾಯಿತು. ಮತ್ತೆ ನಡೆಯತೊಡಗಿ ಮೆಲ್ಲಗೆ ಕೇಳಿದ.

"ಒಲೆವರೆಗೆ ಈಗಲೂ ಹನ್ನೊಂದು ಹೆಜ್ಜೆ ತಾನೇ?"

"ಒಂಬತ್ತು," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. "ಮಂಚ ಒಲೆ ಹತ್ತಿರಕ್ಕೆ ಎಳೆದಿದೀನಿ."