ಮೂಗಿನ ಷರತ್ತು

ಸುಮನಾಗೆ ಸಕ್ಕರೆ ಕಾಯಿಲೆ ಇರುವುದನ್ನು ಅವಳ ತಾಯಿ ನಂಜಮ್ಮ ಗಂಡಿನ ಕಡೆಯವರಿಗೆ ಹೇಳಲಿಲ್ಲ. ಮೂಗಿನ ಆಪರೇಷನ್ ಮಾಡುವ ಡಾಕ್ಟರಿಗೂ ಹೇಳಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಹೇಳಿಬಿಟ್ಟಿತು.

“ಇಷ್ಟು ಶುಗರ್ ಇಟ್ಕೊಂಡು ಕತ್ತರಿ ಹಾಕಿದ್ರೆ ಗಾಯ ಬೇಗ ಮಾಯಲ್ಲ, ಕೀವಾಗ್ಬಹುದು. ಇವತ್ತು ಆಪರೇಷನ್ ಇಲ್ಲ,” ಎಂದರು ಡಾ. ಪ್ರಿಯದರ್ಶಿನಿ. “ಶುಗರ್ ಇರೋರು ಮಾಡಿಸ್ಕೋಬಾರ್ದು ಅಂತಲ್ಲ. ಹತೋಟಿಗೆ ಬಂದ್ಮೇಲೆ ಮಾಡ್ಬಹುದು. ಆದ್ರೆ ಮುಚ್ಚಿಡ್ಬೇಡಿ ತಾಯಿ, ಜೀವದ ಪ್ರಶ್ನೆ!”

ಸುಮನಾ ಹೊರಗೆ ಬಂದಳು. ಎದುರಿಗೆ ನಿಶಾಂತ್!

ಜನ್ನಾಪುರದ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದವನು. “ಹುಡುಗಿ ಒಪ್ಪಿಗೆ, ಮೊಂಡು ಮೂಗು ಸರಿ ಮಾಡಿಸಿ” ಎಂದು ಹೇಳಿ ಕಳಿಸಿದ ಮನೆಯವನು.

“ಸರಕು ರೆಡಿ ಆಯ್ತಾ ಅಂತ ನೋಡೋಕೆ ಬಂದ್ರಾ?”

“ನಿಲ್ಲಿಸೋಕೆ ಬಂದೆ ರೀ! ಷರತ್ತು ಹಾಕಿದ್ದು ನಮ್ಮ ದೊಡ್ಡಮ್ಮ. ನಂಗೆ ಗೊತ್ತಾಗಿದ್ದೇ ಇವತ್ತು ಬೆಳಿಗ್ಗೆ. ಹೊಸಮನೆ ಬಡಾವಣೆಯಿಂದ ಓಡಿ ಬಂದೆ…”

ಇವನಲ್ಲವಾ ಹೇಳಿದ್ದು? ಇಷ್ಟು ದಿನ ಇವನನ್ನೇ ಶಪಿಸಿದೆನಲ್ಲ…

“ನಿಶಾಂತ್, ನಂಗೆ ಶುಗರ್ ಇದೆ.”

ಹಿಂದಿನಿಂದ ನಂಜಮ್ಮ ತೋಳು ಚಿವುಟಿದರು. ಅವಳು ನಿಲ್ಲಿಸಲಿಲ್ಲ. “ಕಾಲೇಜಿನಲ್ಲಿದ್ದಾಗಿಂದ. ನೆಂಟರು ಬಂದ್ರೆ ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಇನ್ಸುಲಿನ್ ಚುಚ್ಕೋತೀನಿ.”

“ಮತ್ತೆ ಅವತ್ತು ಅಷ್ಟು ಕೇಸರಿಬಾತ್ ತಿಂದ್ರಲ್ಲ!”

“ಬೇಡ ಅಂದ್ರೆ ನಿಮ್ಮೋರಿಗೆ ಅನುಮಾನ ಬರುತ್ತೆ ಅಂತ…”

“ಅಯ್ಯೋ ಮಾರಾಯ್ತಿ! ಇನ್ನೊಂದ್ ಸೌಟು ಹಾಕಿ ಅಂತ ಬಲವಂತ ಮಾಡಿದ್ದು ನಾನೇ ಅಲ್ವಾ!”

ಅವನು ಹಣೆ ಚಚ್ಚಿಕೊಂಡ ರೀತಿಗೆ ಅವಳಿಗೆ ನಗು ಬಂತು. ಬೆನ್ನಿಗೇ ಅಳು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಹೆಣ್ಣಿನ ಮುಖ ಊರವರ ಸೊತ್ತು, ಕಾಯಿಲೆ ಮಾತ್ರ ಅವಳ ತಪ್ಪು! ಯಾವ ನ್ಯಾಯ ಇದು? ಗಾಯ ಕೊಳೆತರೂ ಸರಿ, ಮದುವೆ ಮುರಿಯಬಾರದು ಎನ್ನುವಷ್ಟು ತಾಯಿಯನ್ನೇ ಹೆದರಿಸಿದವರು ಯಾರು?

“ನಮ್ಮಪ್ಪಂಗೂ ಶುಗರ್ ಇದೆ. ಅವರನ್ನ ಯಾರೂ ಬಚ್ಚಿಟ್ಟಿಲ್ಲ,” ನಿಶಾಂತ್ ಮೆಲ್ಲಗೆ ಹೇಳಿದ. “ನೀವು ನಮ್ಮನೇಲಿ ಎಲ್ಲರ ಎದುರಿಗೇ ಚುಚ್ಕೊಳ್ಳಿ. ನಂಗೂ ಕಲಿಸಿ.”

“ಹೆದರ್ಕೊಳ್ಳಲ್ವಾ?”

“ಸೂಜಿಗೆ ಹೆದರ್ತೀನಿ. ನಿಮಗೆ ಇನ್ನೂ ಜಾಸ್ತಿ!”

ನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವರ ದೊಡ್ಡಮ್ಮ ಸುಮ್ನಿರಲ್ಲ ಕಣೇ… ಶುಗರ್ ಇಳಿದ್ಮೇಲೆ ಬಂದು ಮಾಡಿಸ್ಕೊಂಡ್ಬಿಡು.”

ಸುಮನಾ ನಿಶಾಂತನ ಕೈ ಹಿಡಿದುಕೊಂಡಳು.

“ಶುಗರ್ ಇಳಿಸ್ತೀನಮ್ಮ, ನನಗೋಸ್ಕರ. ಮೂಗು ಮಾತ್ರ ಮುಟ್ಟಿಸಲ್ಲ.”