ಒಹಾಯೊ ಬೈಬಲ್ಲಿನ ಕೊಯ್ದ ಹಾಳೆ

ಶುಕ್ರವಾರ ಬೆಳಿಗ್ಗೆ 8.10ಕ್ಕೆ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಠಾಣೆಗೆ ಒಂದು ದೂರು ಬಂತು. ಎಂಬತ್ಮೂರು ವರ್ಷದ ಹೆದರ್ ಡಾಸನ್ ಅವರ ಮನೆತನದ ಬೈಬಲ್ಲಿನಿಂದ ಯಾರೋ ಒಂದು ಹಾಳೆ ಕೊಯ್ದು ಒಯ್ದಿದ್ದರು. ಅಮೆರಿಕದ ಒಹಾಯೊದಲ್ಲಿ ಹುಟ್ಟಿ, ಚಿನ್ನ ಅಗೆಯಲು ಇಲ್ಲಿಗೆ ಬಂದ ಮುತ್ತಜ್ಜ ಎಜ್ರಾ ಮತ್ತು ಅವನ ಒಡಹುಟ್ಟಿದವರ ಹೆಸರುಗಳನ್ನು ಕೈಯಲ್ಲಿ ಬರೆದಿಟ್ಟದ್ದು ಆ ಹಾಳೆಯಲ್ಲೇ.

ಡಿಟೆಕ್ಟಿವ್ ಸಾರ್ಜೆಂಟ್ ಜ್ಯೋತ್ಸ್ನಾ ಹೆದರ್ ಅವರ ಮನೆಗೆ ಬಂದು ಬೈಬಲ್ ತೆರೆದಳು. ಹಾಳೆ ಹರಿದಿರಲಿಲ್ಲ. ಹೊಲಿಗೆಗೆ ಪೆಟ್ಟಾಗದಂತೆ ಯಾರೋ ಬ್ಲೇಡ್ ಆಡಿಸಿದ್ದರು.

"ಇದನ್ನು ಮುಟ್ಟಿದವರು?"

"ಶ್ರೀನಾಥ್ ಒಬ್ಬರೇ. ನನ್ನ ವಂಶವೃಕ್ಷ ಬರೆದುಕೊಟ್ಟವರು. ಬೈಬಲ್ ಹೋದ ವಾರವಷ್ಟೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಆ ಅಕ್ಷರ ನನ್ನ ಕಣ್ಣಿಗೆ ಕಾಣುವುದಿಲ್ಲ, ಓದಲು ನಿನ್ನೆ ಕರೆದಿದ್ದೆ," ಎಂದರು ಹೆದರ್. "ಸಿಡ್ನಿಯ ರೂತ್‌ಳನ್ನು ಹುಡುಕಿಕೊಟ್ಟವರೂ ಅವರೇ. ಎಜ್ರಾನ ತಮ್ಮನ ಮರಿಮಗಳು. ಇವತ್ತು ಹನ್ನೆರಡಕ್ಕೆ ತನ್ನ ಬಾಡಿಗೆ ಫ್ಲ್ಯಾಟಿನ ಕೀ ವಾಪಸ್ ಕೊಟ್ಟು ಇಲ್ಲಿಗೇ ಬರುತ್ತಾಳೆ, ನನ್ನ ಜೊತೆ ಇರಲು."

ಜ್ಯೋತ್ಸ್ನಾ ಗಡಿಯಾರ ನೋಡಿದಳು. ಆ ಹಾಳೆಯಲ್ಲಿ ತಮ್ಮನ ಹೆಸರೇ ಇರದಿದ್ದರೆ? ಕೀ ಕೊಟ್ಟ ಮೇಲೆ ರೂತ್‌ಗೆ ಹಿಂದಿರುಗಲು ಮನೆಯೂ ಇರುವುದಿಲ್ಲ.

10.40ಕ್ಕೆ ವಿಂಡಮ್ ವೇಲ್ ಬಡಾವಣೆಯಲ್ಲಿ ಶ್ರೀನಾಥ್ ಮನೆ. ಶೋಧನೆಯ ವಾರಂಟ್ ಓದಿದ ಶ್ರೀನಾಥ್‌ನ ಮುಖ ಸಣ್ಣದಾಯಿತು.

"ಕನ್ನಡದೋರಾ ಮೇಡಂ?"

"ಉಡುಪಿ. ಹಾಳೆ ಎಲ್ಲಿ?"

"ಯಾವ ಹಾಳೆ? ಚೆಕ್ ಮಾಡ್ಕೊಳ್ಳಿ."

ಕಾನ್‌ಸ್ಟೇಬಲ್ ಅಜಯ್ ಕಸದ ಬಿನ್ನು, ಬಾರ್ಬೆಕ್ಯೂ ಬೂದಿ ಎಲ್ಲ ಕೆದಕಿ ಬಂದ. "ಸುಟ್ಟಿರ್ತಾರೆ ಮೇಡಂ. ಆಗ್ಲೇ ಹನ್ನೊಂದೂ ಇಪ್ಪತ್ತು."

"ನೂರೆಂಬತ್ತು ವರ್ಷದ ಕಾಗದ ಸುಡೋಕೆ ಇವರಿಗೆ ಕೈ ಬರಲ್ಲ ಕಣೋ."

ಕೋಣೆಯ ತುಂಬ ಫೈಲುಗಳು. ಪ್ರತಿ ಕಾಗದಕ್ಕೂ ಒಂದು ಪಾರದರ್ಶಕ ಕವರು, ಕವರಿನ ಮೇಲೆ ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು. 'ತಿದ್ದಬೇಕಾದ್ದು' ಎಂದು ಬರೆದ ಫೈಲಿನಲ್ಲಿ ಹಾಳೆ ಸಿಕ್ಕಿತು. ಅದಕ್ಕೂ ಚೀಟಿ ಇತ್ತು: 'ಡಾಸನ್ ಬೈಬಲ್, ಡಾಕ್‌ಲ್ಯಾಂಡ್ಸ್, ಗುರುವಾರ. ತೆಗೆದವನು ನಾನು.'

"ಕದ್ದ ಮಾಲಿಗೂ ರಸೀದಿ ಬರ್ದಿಟ್ಟಿದೀರಲ್ಲ ಅಂಕಲ್," ಎಂದ ಅಜಯ್.

ಹಾಳೆಯಲ್ಲಿ ಎಜ್ರಾ, ಅವನ ಮೂವರು ತಂಗಿಯರು. ತಮ್ಮನಿಲ್ಲ.

ಶ್ರೀನಾಥ್ ಕುರ್ಚಿಯಲ್ಲಿ ಕುಸಿದ. "ಅದೇ ಊರಲ್ಲಿ ಇನ್ನೊಬ್ಬ ಎಜ್ರಾ ಡಾಸನ್ ಇದ್ದ ಮೇಡಂ. ಇಬ್ಬರನ್ನೂ ಒಬ್ಬನೇ ಅಂದ್ಕೊಂಡ್‌ಬಿಟ್ಟೆ. ತಮ್ಮ ಇದ್ದಿದ್ದು ಆ ಇನ್ನೊಬ್ಬನಿಗೆ."

"ಹಾಗಂತ ಹೇಳ್ಬೇಕಿತ್ತು."

"ಹೆದರ್, ರೂತ್ ದಿನಾ ಸಂಜೆ ಫೋನಲ್ಲೇ ಒಟ್ಟಿಗೆ ಟೀ ಕುಡೀತಾರೆ. ಇಬ್ಬರಿಗೂ ಬೇರೆ ಯಾರೂ ಇಲ್ಲ. ಯಾವ ಬಾಯಲ್ಲಿ ಹೇಳಲಿ?"

11.35ಕ್ಕೆ ಬಂಧನವಾಯಿತು. ಜ್ಯೋತ್ಸ್ನಾ ಹೆದರ್‌ಗೆ ಫೋನ್ ಮಾಡಿ ನಾಲ್ಕು ಹೆಸರನ್ನೂ ಓದಿದಳು. "ರೂತ್‌ಗೆ ನಾನೇ ಹೇಳುತ್ತೇನೆ," ಎಂದರು.

11.52ಕ್ಕೆ ಹೆದರ್ ಅವರೇ ಕರೆ ಮಾಡಿದರು. "ಹೇಳಿದೆ. ನಿನ್ನ ಮನೆಯಲ್ಲಿ ಟೀ ಕೆಟಲ್ ಇದೆಯೋ, ನನ್ನದು ತರಲೋ ಎಂದು ಕೇಳಿದಳು."

ಕಾರಿನ ಹಿಂದಿನ ಸೀಟಿನಲ್ಲಿ ಇದನ್ನು ಕೇಳಿಸಿಕೊಂಡ ಶ್ರೀನಾಥ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಜ್ಯೋತ್ಸ್ನಾ ಬರೆದಳು: 'ನಿಜ ತಿಳಿದರೆ ಇಬ್ಬರೂ ಒಂಟಿಯಾಗುತ್ತಾರೆಂಬ ಭಯ. ಆ ಇಬ್ಬರನ್ನೂ ಆರೋಪಿ ಒಂದು ಮಾತು ಕೇಳಿರಲಿಲ್ಲ.'